ತೇರಿನ ವಿಡಿಯೊ ಕಾಕಾನ ಟಿವಿಗೂ ಬೇಕು, ಅಕ್ಕನ ಫೋನಿಗೂ ಬೇಕು: ಎನ್‌ಕೋಡಿಂಗ್ ತಂತ್ರಾಂಶ ಮತ್ತು ಫಿಲ್ಟರ್ ಆರಿಸುವುದು ಹೇಗೆ?

ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿದ ಮರುದಿನ ಯಾದಗಿರಿಯಿಂದ ಕಾಕಾ ಫೋನ್ ಮಾಡಿದರು. "ತಮ್ಮಾ, ನೀ ಕೊಟ್ಟ ಪೆನ್‌ಡ್ರೈವ್ ಟಿವಿಗಿ ಹಾಕೀನಿ. ತೇರು ಕಾಣ್ಲಾಕತ್ತದ, ಆವಾಜೇ ಇಲ್ಲಲ್ಲ?" ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಫೈಲು ಚೆನ್ನಾಗಿ ಓಡಿತ್ತು. ಆಡಿಯೊಗೆ ಓಪಸ್ ಅನ್ನೋ ಹೊಸ ಬಗೆ ಆರಿಸಿದ್ದು ನನ್ನ ಜಾಣತನ. ಕಾಕಾನ ಟಿವಿಗೆ ಆ ಹೆಸರೇ ಗೊತ್ತಿಲ್ಲ. ಅದೇ ಹೊತ್ತಿಗೆ ಬೀದರ್‌ನಿಂದ ಅಕ್ಕ: "ವಾಟ್ಸಾಪ್‌ನಾಗ ಕಳಿಸಿದ್ದು ಪೂರಾ ಮಸಕು ಮಸಕು ಅದ."

ಒಂದೇ ತೇರು, ಇಬ್ಬರಿಗೂ ಕೆಟ್ಟಿತು. ಕ್ಯಾಮೆರಾದ ತಪ್ಪಲ್ಲ, ಎನ್‌ಕೋಡ್ ಮಾಡಿದವನ, ಅಂದರೆ ವಿಡಿಯೊವನ್ನು ಹಿಂಡಿ ಹೊಸ ಬಗೆಯಲ್ಲಿ ಕಟ್ಟಿದವನ ತಪ್ಪು. "ಯಾವ ಸಾಫ್ಟ್‌ವೇರ್ ಬೆಸ್ಟ್?" ಅಂತ ಕೇಳುವವರಿಗೆ ನಾನು ಈಗ ತಿರುಗಿಸಿ ಕೇಳುವುದು ಒಂದೇ: ಯಾವ ಪರದೆ ಮೇಲೆ ನೋಡ್ತೀರಿ?

ಮೊದಲು ಬುತ್ತಿ ಬಿಚ್ಚಿ ನೋಡಿ

ಎಂಪಿ4, ಎಂಕೆವಿ, ಎಂಒವಿ ಇವೆಲ್ಲ ಬುತ್ತಿಗಂಟು ಇದ್ದ ಹಾಗೆ. ಒಳಗೆ ರೊಟ್ಟಿ ಬೇರೆ, ಪಲ್ಯ ಬೇರೆ, ಹಿಂಡಿ ಬೇರೆ. ಚಿತ್ರ ಒಂದು ಬಗೆಯಲ್ಲಿ ಕಟ್ಟಿರುತ್ತದೆ, ಧ್ವನಿ ಇನ್ನೊಂದರಲ್ಲಿ, ಸಬ್‌ಟೈಟಲ್ ಮತ್ತೊಂದರಲ್ಲಿ. "ಎಂಪಿ4 ಫೈಲು ಟಿವಿಯಲ್ಲಿ ಓಡುತ್ತಾ?" ಅನ್ನುವ ಪ್ರಶ್ನೆಗೆ ಅದಕ್ಕೇ ಉತ್ತರ ಇಲ್ಲ. ಗಂಟಿನೊಳಗೆ ಏನಿದೆ ಅಂತ ಗೊತ್ತಾಗಬೇಕು.

ಮೀಡಿಯಾಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೆ ಎಲ್ಲ ಹೇಳುತ್ತದೆ. ನೋಡಬೇಕಾದ್ದು ಐದಾರು ಸಾಲು ಅಷ್ಟೇ: ಚಿತ್ರದ ಕೊಡೆಕ್ (ಹಿಂಡಿದ ಬಗೆ, ಎಚ್.264 ಇಂಥದ್ದು), ಅಳತೆ, ಫ್ರೇಮ್‌ರೇಟು (ಸೆಕೆಂಡಿಗೆ ಎಷ್ಟು ಚಿತ್ರ) ಸ್ಥಿರವೋ ಬದಲಾಗುವುದೋ, ಸ್ಕ್ಯಾನ್ ಪ್ರೊಗ್ರೆಸಿವ್ (ಪೂರ್ತಿ ಚಿತ್ರ) ಅಥವಾ ಇಂಟರ್‌ಲೇಸ್ಡ್ (ಅರ್ಧ ಅರ್ಧ ಹೆಣೆದದ್ದು), ಬಿಟ್ ಡೆಪ್ತ್ (ಬಣ್ಣದ ಮೆಟ್ಟಿಲುಗಳ ಲೆಕ್ಕ) 8 ಅಥವಾ 10, ಧ್ವನಿಯ ಬಗೆ. ಈ ಸಾಲುಗಳನ್ನು ಓದದೆ ಎನ್‌ಕೋಡ್‌ಗೆ ಕೂರುವುದು ಪೇಶಂಟನ್ನು ನೋಡದೆ ಗುಳಿಗೆ ಬರೆದ ಹಾಗೆ.

ಎನ್‌ಕೋಡ್ ಬೇಕೇ ಬೇಕಾ?

ಎಷ್ಟೋ ಸಲ ಬೇಡ. ಎಂಕೆವಿಯೊಳಗೆ ಎಚ್.264 ಚಿತ್ರ, ಎಎಸಿ ಧ್ವನಿ ಇದ್ದು, ನಿಮ್ಮ ಟಿವಿಗೆ ಎಂಕೆವಿ ಅಂದರೆ ಆಗುವುದಿಲ್ಲ ಅಂದುಕೊಳ್ಳಿ. ಗಂಟು ಬದಲಾಯಿಸಿದರೆ ಸಾಕು, ರೊಟ್ಟಿಯನ್ನು ಮತ್ತೆ ಬೇಯಿಸುವುದು ಯಾಕೆ? ಲಾಸ್‌ಲೆಸ್‌ಕಟ್ ಈ ಕೆಲಸವನ್ನು ಒಂದೆರಡು ನಿಮಿಷದಲ್ಲಿ ಮಾಡುತ್ತದೆ, ಗುಣಮಟ್ಟ ಕೂದಲಷ್ಟೂ ಇಳಿಯುವುದಿಲ್ಲ. ಮೂರು ಗಂಟೆ ಫೂಟೇಜಿನಲ್ಲಿ ಅಕ್ಷತೆ ಹಾಕುವ ಹತ್ತು ನಿಮಿಷ ಮಾತ್ರ ಬೇಕು ಅಂದರೂ ಇದೇ ಸಾಕು. ಒಂದು ಮಿತಿ ಇದೆ. ಕತ್ತರಿಸುವ ಜಾಗ ಕೀಫ್ರೇಮ್ (ನಡುನಡುವೆ ಬರುವ ಪೂರ್ತಿ ಚಿತ್ರ) ಮೇಲೆ ಬೀಳಬೇಕು. ಹಾಗಾಗಿ ನೀವು ಬಯಸಿದ ಕ್ಷಣಕ್ಕಿಂತ ಒಂದೆರಡು ಸೆಕೆಂಡು ಹಿಂದೆ ಶುರುವಾಗಬಹುದು. ಮನೆಮಂದಿಗೆ ಅದು ಗೊತ್ತೂ ಆಗುವುದಿಲ್ಲ.

ಒಂದು ಸಲ ಎನ್‌ಕೋಡ್ ಮಾಡಿದರೆ ಸ್ವಲ್ಪ ಹೋಗುತ್ತದೆ. ಆ ನಕಲನ್ನು ಮತ್ತೆ ಎನ್‌ಕೋಡ್ ಮಾಡಿದರೆ ಇನ್ನಷ್ಟು ಹೋಗುತ್ತದೆ. ಟಿವಿಗೆ, ಫೋನಿಗೆ, ಯೂಟ್ಯೂಬ್‌ಗೆ ಮೂರು ಪ್ರತಿ ಬೇಕಾದರೆ ಮೂರನ್ನೂ ಮೂಲ ಫೈಲಿನಿಂದಲೇ ತೆಗೆಯಿರಿ.

ಯಾವ ತಂತ್ರಾಂಶ?

ಹೊಸಬರಿಗೆ ಹ್ಯಾಂಡ್‌ಬ್ರೇಕ್. ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಎಂಪಿ4, ಎಂಕೆವಿ, ವೆಬ್‌ಎಂ ಕೊಡುತ್ತದೆ. ಚಿತ್ರದ ದೋಷ ತಿದ್ದುವ, ನಿಮಗೆ ಬೇಕಾದ ಫಿಲ್ಟರ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಟ್ಯಾಬಿನಲ್ಲಿವೆ, ಅವುಗಳನ್ನು ಸರಿಯಾದ ಸಾಲಿನಲ್ಲಿ ಅದೇ ಓಡಿಸುತ್ತದೆ. ಆದರೆ ಚಿತ್ರವನ್ನು ಬಿಚ್ಚದೆ ಗಂಟು ಮಾತ್ರ ಬದಲಿಸುವುದು ಅದಕ್ಕೆ ಬರುವುದಿಲ್ಲ, ಯಾವಾಗಲೂ ಮರು ಎನ್‌ಕೋಡ್ ಮಾಡಿಯೇ ತೀರುತ್ತದೆ.

ಮದುವೆ ಸ್ಟುಡಿಯೊದವರಿಗೆ ಶಟರ್ ಎನ್‌ಕೋಡರ್ ಇಷ್ಟವಾಗಬಹುದು. ಎಡಿಟಿಂಗ್‌ಗೆ ಬೇಕಾದ ಪ್ರೊರೆಸ್, ಡಿಎನ್‌ಎಕ್ಸ್‌ಎಚ್‌ಆರ್‌ನಂಥ ದಪ್ಪ ಫೈಲುಗಳನ್ನೂ ಮಾಡಿಕೊಡುತ್ತದೆ. ಅದರ ಹೊಟ್ಟೆಯೊಳಗೆ ಇರುವುದು ಎಫ್‌ಎಫ್‌ಎಂಪೆಗ್. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ ಈ ಎಫ್‌ಎಫ್‌ಎಂಪೆಗ್ ಇವತ್ತು ಎಷ್ಟೋ ವಿಡಿಯೊ ತಂತ್ರಾಂಶಗಳ ಬೆನ್ನೆಲುಬು. ಕಮಾಂಡ್ ಟೈಪ್ ಮಾಡುವ ರೂಢಿ ಇದ್ದವರು ನೇರವಾಗಿ ಅದನ್ನೇ ಬಳಸಬಹುದು. ಒಂದೇ ಬಗೆಯ ಇನ್ನೂರು ಫೈಲು ಇದ್ದಾಗ ಅದರಷ್ಟು ಸುಖ ಬೇರೆ ಇಲ್ಲ.

ಹಳೇ ಕ್ಯಾಸೆಟ್ಟುಗಳ ಕೆಲಸವೇ ಜಾಸ್ತಿ ಅಂದರೆ ಸ್ಕ್ರಿಪ್ಟ್ ಬರೆದು ಓಡಿಸುವ ಎವಿಸಿಂಥ್ ಕಡೆ ಹೋಗಬೇಕಾಗುತ್ತದೆ. ಕಲಿಯಲು ಒಂದು ವಾರ ತಿನ್ನುತ್ತದೆ. ಹೈಬ್ರಿಡ್ ಅಥವಾ ಸ್ಟ್ಯಾಕ್ಸ್‌ರಿಪ್ ಹಾಕಿಕೊಂಡರೆ ಸ್ಕ್ರಿಪ್ಟ್ ಬರೆಯುವ ಕಷ್ಟ ಕಡಿಮೆ.

ವಿಎಲ್‌ಸಿಯಲ್ಲೂ ಕನ್ವರ್ಟ್ ಇದೆ ಅಲ್ವಾ ಅಂತ ಕೇಳುತ್ತಾರೆ. ಇದೆ. ನೋಡಲು ವಿಎಲ್‌ಸಿ, ಎನ್‌ಕೋಡ್‌ಗೆ ಬೇರೆ. "ಫ್ರೀ ಕನ್ವರ್ಟರ್" ಅಂತ ಹುಡುಕಿದರೆ ಮೊದಲು ಬರುವ, ಚಿತ್ರದ ಮೂಲೆಗೆ ತನ್ನ ಹೆಸರು ಒತ್ತಿ ಕಳಿಸುವ ತಂತ್ರಾಂಶಗಳ ತಂಟೆಗೆ ಹೋಗಬೇಡಿ.

ಪರದೆಗೆ ತಕ್ಕ ಫಾರ್ಮ್ಯಾಟ್

ಊರಿನ ಮನೆಯ ಟಿವಿಗೆ: ಎಂಪಿ4, ಎಚ್.264, 8 ಬಿಟ್, ಧ್ವನಿ ಎಎಸಿ ಸ್ಟೀರಿಯೊ 160 ಕಿಲೋಬಿಟ್. ಎಚ್.264 ಬಂದದ್ದು 2003ರಲ್ಲಿ. ಹಳೆಯದಾದರೂ ಪೆನ್‌ಡ್ರೈವ್ ತೂತು ಇರುವ ಟಿವಿಗಳಲ್ಲಿ ಅದು ಓಡದಿರುವುದು ಅಪರೂಪ. 1080 ಸಾಲಿನ ಚಿತ್ರ, ಸೆಕೆಂಡಿಗೆ 25 ಅಥವಾ 30 ಫ್ರೇಮ್ ಇದ್ದರೆ ಪ್ರೊಫೈಲ್ ಹೈ, ಲೆವೆಲ್ 4.1 ಇಡಿ. ಡಿಟಿಎಸ್, ಓಪಸ್ ಧ್ವನಿ ಬೇಡ, ಕಾಕಾನ ಫೋನ್ ಬರುತ್ತದೆ. ಇನ್ನೊಂದು, ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಬಗೆಗೆ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂಟಿ ಫೈಲು ಅದರಲ್ಲಿ ಕೂರುವುದಿಲ್ಲ. 64 ಜಿಬಿ ಖಾಲಿ ಇದ್ದರೂ "ಫೈಲು ತೀರಾ ದೊಡ್ಡದು" ಅನ್ನುತ್ತದೆ. ಫೈಲನ್ನು ಎರಡು ಭಾಗ ಮಾಡಿ, ಇಲ್ಲವೇ ಟಿವಿ ಒಪ್ಪುವುದಾದರೆ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ವಾಟ್ಸಾಪ್‌ಗೆ: ಗ್ಯಾಲರಿಯಿಂದ ವಿಡಿಯೊ ಅಂತ ಕಳಿಸಿದರೆ ಅದು ತನ್ನ ಮನಸ್ಸಿಗೆ ಬಂದಷ್ಟು ಹಿಂಡುತ್ತದೆ. ಅಕ್ಕನಿಗೆ ಮಸಕಾಗಿ ಕಂಡದ್ದು ಅದಕ್ಕೇ. ಡಾಕ್ಯುಮೆಂಟ್ ಅಂತ ಕಳಿಸಿ, 2 ಜಿಬಿವರೆಗೆ ಇದ್ದ ಹಾಗೇ ಹೋಗುತ್ತದೆ.

ಇಲ್ಲಿ ಚೂರು ಲೆಕ್ಕ ಬೇಕು. ಸೆಕೆಂಡಿಗೆ ಎಷ್ಟು ಬಿಟ್ ಅನ್ನುವುದೇ ಬಿಟ್‌ರೇಟ್. ಸೆಕೆಂಡಿಗೆ 1 ಮೆಗಾಬಿಟ್ ಅಂದರೆ ಗಂಟೆಗೆ 450 ಎಂಬಿ. ಎರಡು ಗಂಟೆಯ ಮದುವೆ ವಿಡಿಯೊಗೆ 2 ಮೆಗಾಬಿಟ್ ಕೊಟ್ಟರೆ 1.8 ಜಿಬಿ. ಧ್ವನಿಗೆ ಇನ್ನೊಂದು 150 ಎಂಬಿ ಹತ್ತಿರ. ಅಲ್ಲಿಗೆ 2 ಜಿಬಿಯೊಳಗೆ ಹೊಂದಿತು. ಹೀಗೆ ಗಾತ್ರ ಮೊದಲೇ ಗೊತ್ತುಮಾಡಿಕೊಂಡಾಗ ಮಾತ್ರ ಸರಾಸರಿ ಬಿಟ್‌ರೇಟ್, ಎರಡು ಪಾಸ್ (ಒಂದು ಸುತ್ತು ಅಳೆಯಲು, ಇನ್ನೊಂದು ಎನ್‌ಕೋಡ್‌ಗೆ) ಆರಿಸಿ. 2 ಮೆಗಾಬಿಟ್‌ಗೆ 1080 ಸಾಲು ತುಂಬಿಸಲು ಹೋಗಬೇಡಿ, 720ಕ್ಕೆ ಇಳಿಸಿ. ಫೋನಿನ ಪರದೆಗೆ ಅಷ್ಟು ಸಾಕು.

ಯೂಟ್ಯೂಬ್‌ಗೆ: ಅದು ಹೇಗಿದ್ದರೂ ತನ್ನ ಕಡೆ ಮತ್ತೆ ಎನ್‌ಕೋಡ್ ಮಾಡುತ್ತದೆ. ನೀವು ದಪ್ಪ ಫೈಲನ್ನೇ ಕೊಡಿ. 1080 ಸಾಲಿಗೆ 8 ಮೆಗಾಬಿಟ್ ಅಂತ ಯೂಟ್ಯೂಬ್ ಹೇಳುತ್ತದೆ, ಜಾಸ್ತಿ ಕೊಟ್ಟರೆ ನಷ್ಟವಿಲ್ಲ. ಬೇರೆ ವೆಬ್‌ಸೈಟಿಗೆ ಹಾಕುವುದಾದರೆ ಹ್ಯಾಂಡ್‌ಬ್ರೇಕಿನ "ವೆಬ್ ಆಪ್ಟಿಮೈಸ್ಡ್" ಗೆರೆಗೆ ಟಿಕ್ ಹಾಕಿ. ಫೈಲು ಪೂರ್ತಿ ಇಳಿಯುವ ಮೊದಲೇ ಓಡಲು ಶುರುವಾಗುತ್ತದೆ.

ಮನೆಯಲ್ಲಿ ಇಟ್ಟುಕೊಳ್ಳಲು: ಎಚ್.265 ಒಳ್ಳೆಯದು. 2013ರಲ್ಲಿ ಬಂತು, ಎಚ್.264ಕ್ಕಿಂತ ಸಾಕಷ್ಟು ಚಿಕ್ಕ ಫೈಲು ಕೊಡುತ್ತದೆ, ಸಮಯ ಜಾಸ್ತಿ ತಿನ್ನುತ್ತದೆ. 2018ರ ಎವಿ1 ಇನ್ನೂ ಚಿಕ್ಕದು. ಆದರೆ ಅದನ್ನು ಸಲೀಸಾಗಿ ಓಡಿಸುವ ಚಿಪ್ಪು ಹೊಸ ಟಿವಿ, ಹೊಸ ಫೋನುಗಳಲ್ಲಿ ಮಾತ್ರ ಇದೆ. ಬಂಧುಬಳಗಕ್ಕೆ ಹಂಚಲು ನಾನು ಇನ್ನೂ ಎವಿ1 ಮುಟ್ಟಿಲ್ಲ.

ಆರ್‌ಎಫ್ ಅನ್ನೋ ಒಂದು ಗುಂಡಿ

ಗಾತ್ರದ ಹಂಗಿಲ್ಲದಿದ್ದರೆ ಬಿಟ್‌ರೇಟ್ ಬಿಟ್ಟುಬಿಡಿ. ಸ್ಥಿರ ಗುಣಮಟ್ಟ ಆರಿಸಿ. ಹ್ಯಾಂಡ್‌ಬ್ರೇಕ್ ಇದನ್ನು ಆರ್‌ಎಫ್ ಅನ್ನುತ್ತದೆ, ಉಳಿದವರು ಸಿಆರ್‌ಎಫ್. ಎಚ್.264ಕ್ಕೆ 0ಯಿಂದ 51. ಸಂಖ್ಯೆ ಇಳಿದಷ್ಟೂ ಚಿತ್ರ ಚೆಂದ, ಫೈಲು ದಪ್ಪ. 6 ಇಳಿಸಿದರೆ ಗಾತ್ರ ಹತ್ತಿರ ಹತ್ತಿರ ದುಪ್ಪಟ್ಟು. ನಾನು ಎಚ್.264ಕ್ಕೆ 20ರಿಂದ ಶುರು ಮಾಡುತ್ತೇನೆ, ಎಚ್.265ಕ್ಕೆ 22ರಿಂದ. ಎರಡರ ಸಂಖ್ಯೆಗಳನ್ನು ಒಂದಕ್ಕೊಂದು ಹೋಲಿಸಬೇಡಿ, ಅಳತೆಗೋಲು ಬೇರೆ ಬೇರೆ.

ವೇಗದ ಪ್ರೀಸೆಟ್ (ಸಿದ್ಧ ಸೆಟ್ಟಿಂಗ್) "ಸ್ಲೋ" ಅಥವಾ "ಮೀಡಿಯಂ" ಇರಲಿ. ಎನ್‌ವಿಎನ್‌ಕ್, ಕ್ವಿಕ್ ಸಿಂಕ್ ಅಂತ ಗ್ರಾಫಿಕ್ಸ್ ಚಿಪ್ಪಿನ ಎನ್‌ಕೋಡರ್‌ಗಳೂ ಸಿಗುತ್ತವೆ. ಬಹಳ ವೇಗ. ಆದರೆ ಅದೇ ಗುಣಮಟ್ಟಕ್ಕೆ ಫೈಲು ದೊಡ್ಡದಾಗುತ್ತದೆ. ಸಂಜೆಯೊಳಗೆ ಗಿರಾಕಿಗೆ ಕೊಡಬೇಕು ಅನ್ನುವ ದಿನ ಅವು, ಉಳಿದ ದಿನ ಸಿಪಿಯು.

ಫೋನಿನಲ್ಲಿ ತೆಗೆದ ವಿಡಿಯೊ ಇದ್ದರೆ ಫ್ರೇಮ್‌ರೇಟ್ ಜಾಗದಲ್ಲಿ "ಕಾನ್‌ಸ್ಟಂಟ್" ಆರಿಸಿ. ಫೋನುಗಳು ಬೆಳಕು ಕಡಿಮೆಯಾದಾಗ ಫ್ರೇಮ್ ಹಿಂದೆಮುಂದೆ ಮಾಡುತ್ತವೆ. ಹಾಗೇ ಎಡಿಟಿಂಗ್‌ಗೆ ಹಾಕಿದರೆ ಹಲಗಿ ಬಡಿಯುವ ಕೈ ಮುಂದೆ, ಸದ್ದು ಹಿಂದೆ.

ಫಿಲ್ಟರ್: ರೋಗ ಕಂಡರೆ ಮಾತ್ರ

ಹೊಸಬರು ಫಿಲ್ಟರ್ ಟ್ಯಾಬ್ ತೆರೆದರೆ ಎಲ್ಲಕ್ಕೂ ಟಿಕ್ ಹಾಕುತ್ತಾರೆ. ಇವತ್ತಿನ ಫೋನು, ಕ್ಯಾಮೆರಾಗಳ ವಿಡಿಯೊಗೆ ಬಹುತೇಕ ಒಂದೂ ಬೇಡ. ಬೇಕಾಗುವುದು ಹಳೆಯದಕ್ಕೆ ಮತ್ತು ಕತ್ತಲಲ್ಲಿ ತೆಗೆದದ್ದಕ್ಕೆ.

ಮೊದಲನೆಯದು ಡಿಇಂಟರ್‌ಲೇಸ್, ಅಂದರೆ ಹೆಣೆದ ಅರ್ಧ ಚಿತ್ರಗಳನ್ನು ಬಿಡಿಸುವುದು. ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ದೊಡ್ಡಕ್ಕನ ಮದುವೆ 2004ರಲ್ಲಿ. ಮಿನಿಡಿವಿ ಕ್ಯಾಸೆಟ್ಟು, ಮೇಲೆ ನೀಲಿ ಪೆನ್ನಿನಲ್ಲಿ "ಗುಲಬರ್ಗಾ, ಲಗ್ನ" ಅಂತ ಬರೆದಿತ್ತು. ಫೈರ್‌ವೈರ್ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿದೆ. ಒಂದು ಗಂಟೆಗೆ 13 ಜಿಬಿ ಬಂತು. ಜಾಗ ಸಾಲದು ಅಂತ 720 ಸಾಲಿಗೆ ಹಿಗ್ಗಿಸಿ ಎಂಪಿ4 ಮಾಡಿದೆ, 13 ಜಿಬಿ ಅಳಿಸಿದೆ. ಆ ವರ್ಷವೇ ಮನೆಗೆ ಸುಣ್ಣ ಹೊಡೆಸುವಾಗ ಕ್ಯಾಸೆಟ್ಟು ಕಸಕ್ಕೆ ಹೋಯಿತು. ಆಮೇಲೆ ದೊಡ್ಡ ಟಿವಿಯಲ್ಲಿ ನೋಡಿದರೆ ಅಕ್ಷತೆ ಹಾಕುವ ಪ್ರತಿ ಕೈಯ ಅಂಚಿಗೂ ಹಣಿಗೆಯ ಹಲ್ಲು.

ಆಗಿದ್ದು ಇಷ್ಟು. ನಮ್ಮ ಪಾಲ್ ಪದ್ಧತಿಯ ಹಳೇ ಕ್ಯಾಮೆರಾ ಸೆಕೆಂಡಿಗೆ 50 ಅರ್ಧ ಚಿತ್ರ ತೆಗೆಯುತ್ತದೆ. ಒಂದರಲ್ಲಿ ಬೆಸ ಸಾಲು, ಇನ್ನೊಂದರಲ್ಲಿ ಸಮ ಸಾಲು. ಎರಡನ್ನು ಹೆಣೆದು ಒಂದು ಫ್ರೇಮ್, ಹಾಗೆ 25 ಫ್ರೇಮ್. ಕೈ ಆಡಿದಾಗ ಎರಡು ಅರ್ಧಗಳು ಬೇರೆ ಬೇರೆ ಕ್ಷಣದವು, ಅಂಚು ಹಲ್ಲುಹಲ್ಲಾಗುತ್ತದೆ. ಹಳೇ ಡಬ್ಬಾ ಟಿವಿಗೆ ಇದೇ ಭಾಷೆ, ಅದರಲ್ಲಿ ಕಾಣುತ್ತಿರಲಿಲ್ಲ. ಬಿಡಿಸದೆ ಹಿಗ್ಗಿಸಿದರೆ ಸಾಲುಗಳು ಒಂದರೊಳಗೊಂದು ಕಲಸಿ ಹೋಗುತ್ತವೆ. ಆಮೇಲೆ ಯಾವ ಫಿಲ್ಟರೂ ಬಿಡಿಸಲಾರದು. ಅಕ್ಕ ಇವತ್ತಿಗೂ "ಇರಲಿ ಬಿಡೋ" ಅನ್ನುತ್ತಾಳೆ. ಅದೇ ಜಾಸ್ತಿ ಚುಚ್ಚುತ್ತದೆ.

ಪತ್ತೆ ಹೇಗೆ? ಯಾರಾದರೂ ಜೋರಾಗಿ ಕೈ ಬೀಸುವ ಜಾಗದಲ್ಲಿ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಸರಿಸಿ. ಹಲ್ಲು ಕಂಡರೆ ಇಂಟರ್‌ಲೇಸ್ಡ್. ಹ್ಯಾಂಡ್‌ಬ್ರೇಕಿನಲ್ಲಿ ಡಿಇಂಟರ್‌ಲೇಸ್‌ಗೆ "ಬಿಡಬ್ಲ್ಯುಡಿಫ್" ಆರಿಸಿ, ಅದರ ಪ್ರೀಸೆಟ್ "ಬಾಬ್" ಇಡಿ, ಫ್ರೇಮ್‌ರೇಟ್ 50 ಕೊಡಿ. 50 ಅರ್ಧ ಚಿತ್ರಗಳು 50 ಪೂರ್ತಿ ಫ್ರೇಮ್ ಆಗುತ್ತವೆ, ಕುಣಿತ, ಮೆರವಣಿಗೆ ಮೊದಲಿನಷ್ಟೇ ನಯವಾಗಿ ಓಡುತ್ತದೆ. "ಯಾಡಿಫ್" ಇನ್ನೂ ಹಳೆಯದು, ಪರವಾಗಿಲ್ಲ. ತುಂಬ ಬೆಲೆಬಾಳುವ ಕ್ಯಾಸೆಟ್ಟು ಅಂದರೆ ಎವಿಸಿಂಥ್‌ನ "ಕ್ಯೂಟಿಜಿಎಂಸಿ". ನಿಧಾನ ಅಂದರೆ ನಿಧಾನ, ಆದರೆ ಇಷ್ಟು ಚೊಕ್ಕವಾಗಿ ಬಿಡಿಸುವುದನ್ನು ನಾನು ಬೇರೆ ಕಂಡಿಲ್ಲ.

ಬಾಬ್ ಆದಮೇಲೆ ಚಿತ್ರ ಮುಂದೆ ಎರಡು ಹೆಜ್ಜೆ, ಹಿಂದೆ ಒಂದು ಹೆಜ್ಜೆ ಅನ್ನುವ ಹಾಗೆ ಜಗ್ಗಿದರೆ ಫೀಲ್ಡ್ (ಅರ್ಧ ಚಿತ್ರ) ಸಾಲು ಉಲ್ಟಾ ಆಗಿದೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ, ಡಿವಿಡಿಗಳಲ್ಲಿ ಸಾಮಾನ್ಯವಾಗಿ ಮೇಲಿನದು.

ಹಳೇ ಪಾಲ್ ವಿಡಿಯೊ 720 ಅಗಲ, 576 ಎತ್ತರ. ಆದರೆ ಅದರ ಪಿಕ್ಸೆಲ್ ಚೌಕವಲ್ಲ. 4:3 ಚಿತ್ರವನ್ನು 768 ಅಗಲಕ್ಕೆ ಎಳೆದು ತೋರಿಸಬೇಕು, ಇಲ್ಲದಿದ್ದರೆ ಮದುಮಕ್ಕಳು ತುಸು ಸಣಕಲಾಗಿ ಕಾಣುತ್ತಾರೆ. 16:9ಕ್ಕೆ ಎಳೆದರೆ ಎಲ್ಲರೂ ಊದಿಕೊಳ್ಳುತ್ತಾರೆ. ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ. ವಿಎಚ್‌ಎಸ್ ಆದರೆ ಕೆಳಗಿನ ಕೆಲವು ಸಾಲು ಹರಿದ ಸೆರಗಿನ ಹಾಗೆ ಅಲುಗಾಡುತ್ತಿರುತ್ತವೆ. ಅಷ್ಟನ್ನು ಕ್ರಾಪ್ ಮಾಡಿ. ಕ್ರಾಪನ್ನು ತಂತ್ರಾಂಶಕ್ಕೇ ಬಿಟ್ಟರೆ ಕತ್ತಲಿನ ದೃಶ್ಯದಲ್ಲಿ ಮೋಸ ಹೋಗುತ್ತದೆ, ಕೈಯಿಂದ ಸಂಖ್ಯೆ ಕೊಡಿ.

ಎರಡನೆಯದು ಡಿನಾಯ್ಸ್, ಅಂದರೆ ಚಿತ್ರದ ಮೇಲಿನ ಮರಳು ತೆಗೆಯುವುದು. ಇದರಿಂದ ಲಾಭ ಇದೆ. ಮರಳಿನ ಪ್ರತಿ ಕಾಳಿಗೂ ಎನ್‌ಕೋಡರ್ ಬಿಟ್ ಖರ್ಚು ಮಾಡುತ್ತದೆ, ತೆಗೆದರೆ ಫೈಲು ಸಣ್ಣದಾಗುತ್ತದೆ. ಅಪಾಯವೂ ಇಲ್ಲೇ ಇದೆ. ಬೀದರ್‌ನಲ್ಲಿ ಗೆಳೆಯನೊಬ್ಬ ಬಿದ್ರಿ ಕೆಲಸದ ವಿಡಿಯೊ ತೆಗೆದಿದ್ದ. ಸಣ್ಣ ಕೋಣೆ, ಒಂದೇ ಕಿಟಕಿ. ಕುಶಲಕರ್ಮಿ ಹೂದಾನಿಯ ಮೇಲೆ ಉಳಿಯಿಂದ ಗೀರು ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಕಾಯಿಸಿದಾಗ ಸತು, ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆ ಕ್ಷಣಕ್ಕೇ ಇಡೀ ವಿಡಿಯೊ. ಕತ್ತಲಿಗೆ ಮರಳು ಜಾಸ್ತಿ ಇತ್ತು. ನಾನು "ಎನ್‌ಎಲ್‌ಮೀನ್ಸ್" ಫಿಲ್ಟರನ್ನು ಸ್ಟ್ರಾಂಗ್‌ಗೆ ಇಟ್ಟೆ. ಮರಳು ಹೋಯಿತು. ಎಲೆಯ ನರದಷ್ಟು ಸಣ್ಣ ಬೆಳ್ಳಿ ಗೆರೆಗಳೂ ಹೋದವು. ಬಿದ್ರಿ ಹೂದಾನಿ ಪ್ಲಾಸ್ಟಿಕ್ಕಿನಂತೆ ಕಂಡಿತು. ಗೆಳೆಯ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದ.

ಮತ್ತೆ "ಅಲ್ಟ್ರಾಲೈಟ್" ಇಟ್ಟು ತೆಗೆದೆ, ಆರ್‌ಎಫ್ 18. ಸ್ವಲ್ಪ ಮರಳು ಉಳಿಯಿತು, ಉಳಿಯಲಿ. ಎನ್‌ಎಲ್‌ಮೀನ್ಸ್ ನಿಧಾನ, ಕಂಪ್ಯೂಟರ್ ಹಳೆಯದಾದರೆ "ಎಚ್‌ಕ್ಯೂಡಿಎನ್3ಡಿ" ವೇಗ. ಕ್ಯಾಸೆಟ್ಟಿನ ಮರಳಿಗೆ ಎನ್‌ಎಲ್‌ಮೀನ್ಸ್‌ನಲ್ಲಿ "ಟೇಪ್" ಅಂತಲೇ ಒಂದು ಟ್ಯೂನ್ ಇದೆ.

ಅದೇ ವಿಡಿಯೊದಲ್ಲಿ ಹಿಂದಿನ ಗೋಡೆಯ ನೆರಳು ಮೆಟ್ಟಿಲು ಮೆಟ್ಟಿಲಾಗಿ ಕಂಡಿತು. ಇದನ್ನು ಬ್ಯಾಂಡಿಂಗ್ ಅನ್ನುತ್ತಾರೆ. 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಮೂಲ 8 ಬಿಟ್ ಇದ್ದರೂ ಎಚ್.265 10 ಬಿಟ್‌ನಲ್ಲಿ ಎನ್‌ಕೋಡ್ ಮಾಡಿದರೆ ಹೊಸ ಮೆಟ್ಟಿಲು ಬೀಳುವುದು ಕಡಿಮೆಯಾಗುತ್ತದೆ. ಎಚ್.264 10 ಬಿಟ್ ಮಾತ್ರ ಬೇಡ, ಹೆಚ್ಚಿನ ಟಿವಿ, ಫೋನುಗಳಿಗೆ ಅದು ಓಡುವುದಿಲ್ಲ. ಟಿವಿಗಾಗಿ 8 ಬಿಟ್‌ನಲ್ಲೇ ಇರಬೇಕಾದರೆ ಎನ್‌ಕೋಡರಿನ ಹೆಚ್ಚುವರಿ ಆಯ್ಕೆಯಲ್ಲಿ ಎಕ್ಯೂ-ಮೋಡ್ 3 ಕೊಡಿ. ಕತ್ತಲ ಜಾಗಕ್ಕೆ ಹೆಚ್ಚು ಬಿಟ್ ಹೋಗುತ್ತದೆ.

ಶಾರ್ಪನ್ ಬಗ್ಗೆ ಹೇಳುವುದು ಸ್ವಲ್ಪವೇ: ಬೇಡ.

ಅರ್ಧ ನಿಮಿಷದ ಪರೀಕ್ಷೆ

ಎರಡು ಗಂಟೆ ಎನ್‌ಕೋಡ್ ಮಾಡಿ ಆಮೇಲೆ ತಲೆ ಚಚ್ಚಿಕೊಳ್ಳುವ ಬದಲು ಹ್ಯಾಂಡ್‌ಬ್ರೇಕಿನಲ್ಲಿ "ರೇಂಜ್" ಅನ್ನು ಸೆಕೆಂಡ್ಸ್‌ಗೆ ಬದಲಿಸಿ 30 ಸೆಕೆಂಡು ಮಾತ್ರ ತೆಗೆಯಿರಿ. ಯಾವ 30? ಎಲ್ಲಕ್ಕಿಂತ ಕಷ್ಟದ್ದು. ಜಾತ್ರೆ ವಿಡಿಯೊದಲ್ಲಿ ತೇರು ಕದಲುವ ಹೊತ್ತು: ಸಾವಿರಾರು ತಲೆ, ಮೇಲೆ ಹಾರುವ ಬಾಳೆಹಣ್ಣು, ಉತ್ತತ್ತಿ, ಕೆಳಗೆ ಧೂಳು. ಎನ್‌ಕೋಡರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಅಲ್ಲಿ ಜನರ ಮುಖ ಚೌಕ ಚೌಕವಾಗದಿದ್ದರೆ ಉಳಿದ ಕಡೆ ಚಿಂತೆ ಇಲ್ಲ. ಇನ್ನೊಂದು ತುಣುಕು ಅತಿ ಕತ್ತಲಿನ ಜಾಗದಿಂದ ಇರಲಿ. ಆರ್‌ಎಫ್ 18, 20, 23 ಮೂರೂ ತೆಗೆದು, ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಯಾರು ನೋಡುತ್ತಾರೋ ಅವರ ಪರದೆಯಲ್ಲೇ ನೋಡಿ. ವ್ಯತ್ಯಾಸ ಕಾಣದಿದ್ದರೆ ದೊಡ್ಡ ಸಂಖ್ಯೆಯೇ ಸರಿ.

ಕನ್ನಡ ಸಬ್‌ಟೈಟಲ್ ಇದ್ದರೆ

ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಹಾಕಿದರೆ ಪರದೆಯಲ್ಲಿ ಚಿತ್ರಗುಪ್ತನ ಲೆಕ್ಕ ಬರುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ. ಇಷ್ಟಾದರೂ ಎಷ್ಟೋ ಟಿವಿಗಳು ಒತ್ತಕ್ಷರವನ್ನು ಬಿಡಿಬಿಡಿಯಾಗಿ ಒಗೆಯುತ್ತವೆ, ಇಲ್ಲವೇ ಬರೀ ಡಬ್ಬಿ ತೋರಿಸುತ್ತವೆ. ಟಿವಿ ಪ್ರತಿಗೆ "ಬರ್ನ್ ಇನ್" ಟಿಕ್ ಹಾಕಿ ಅಕ್ಷರವನ್ನು ಚಿತ್ರಕ್ಕೇ ಅಂಟಿಸಿಬಿಡಿ. ಕಂಪ್ಯೂಟರಿನಲ್ಲಿ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಇರಲಿ.

ಬಿಸಿಲು, ಕರೆಂಟು

ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಎನ್‌ಕೋಡಿಂಗ್‌ನಲ್ಲಿ ಸಿಪಿಯು ಗಂಟೆಗಟ್ಟಲೆ ಪೂರ್ತಿ ದುಡಿಯುತ್ತದೆ. ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮಧ್ಯಾಹ್ನ ಮೂರು ಗಂಟೆ ತಿಂದ ಕೆಲಸ ರಾತ್ರಿ ಬೇಗ ಮುಗಿಯುವುದು ಇದಕ್ಕೇ. ಫೈಲುಗಳನ್ನೆಲ್ಲ ಕ್ಯೂಗೆ ಹಾಕಿ, ಲ್ಯಾಪ್‌ಟಾಪ್ ಕೆಳಗೆ ಎರಡು ಪುಸ್ತಕ ಕೊಟ್ಟು ಗಾಳಿ ಆಡಲು ಬಿಟ್ಟು, ಮಲಗಿ.

ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಎಂಕೆವಿಗೆ ಎನ್‌ಕೋಡ್ ಮಾಡಿ. ಎಂಪಿ4 ತನ್ನ ಸೂಚಿಯನ್ನು ಸಾಮಾನ್ಯವಾಗಿ ಕೊನೆಗೆ ಬರೆಯುತ್ತದೆ, ನಡುವೆ ಕರೆಂಟು ಹೋದರೆ ಫೈಲು ತೆರೆಯುವುದೇ ಇಲ್ಲ. ಎಂಕೆವಿ ಆದರೆ ಅಲ್ಲಿಯವರೆಗೆ ಆದದ್ದನ್ನು ಬಹುತೇಕ ನೋಡಬಹುದು, ಸೆಟ್ಟಿಂಗ್ ಸರಿ ಇತ್ತೋ ಇಲ್ಲವೋ ಅಂತಾದರೂ ತಿಳಿಯುತ್ತದೆ. ಪೂರ್ತಿ ಮುಗಿದ ಮೇಲೆ ಲಾಸ್‌ಲೆಸ್‌ಕಟ್‌ನಲ್ಲಿ ಎಂಪಿ4 ಗಂಟಿಗೆ ಹಾಕಿಕೊಳ್ಳಿ.

ಮೂಲ ಫೈಲನ್ನು ಅಳಿಸುವ ಮುಂಚೆ ಹೊಸದನ್ನು ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಓಡಿಸಿ ನೋಡಿ, ತುಟಿಗೂ ಮಾತಿಗೂ ಹೊಂದಿಕೆ ಇದೆಯಾ ಅಂತ. ಕ್ಯಾಸೆಟ್ಟಿನಿಂದ ಇಳಿಸಿದ್ದಾದರೆ ಅಳಿಸಲೇಬೇಡಿ. 13 ಜಿಬಿ ಇವತ್ತಿನ ಹಾರ್ಡ್‌ಡಿಸ್ಕಿಗೆ ಏನೂ ಅಲ್ಲ. ನಾನು ಈಗ ಒಂದು ಡಿಸ್ಕನ್ನು ಅದಕ್ಕೇ ಇಟ್ಟಿದ್ದೇನೆ, ಮೇಲೆ ಕೆಂಪು ಪೆನ್ನಿನಲ್ಲಿ "ಇದನ್ನು ಯಾರೂ ಮುಟ್ಟಬ್ಯಾಡ್ರಿ" ಅಂತ ಬರೆದಿದೆ. ಸುಣ್ಣ ಹೊಡೆಯುವವರಿಗೂ ಸೇರಿಸಿ.